ಒಂದೇ ಆಲ್ಬಂ, ಆರು ಬಗೆಯ ಪ್ಯಾಕಿಂಗ್: ಹಳೆ ರಾಕ್ ರೀಮಾಸ್ಟರ್‌ಗಳಲ್ಲಿ ಯಾವುದನ್ನು ಕೊಳ್ಳಬೇಕು?

2014ರಲ್ಲಿ ಲೆಡ್ ಜೆಪ್ಲಿನ್ ತಂಡದ ಮೊದಲ ಮೂರು ಆಲ್ಬಂಗಳು ಅದರ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರ ಉಸ್ತುವಾರಿಯಲ್ಲಿ ರೀಮಾಸ್ಟರ್ ಆಗಿ, ಅಂದರೆ ಹಳೆ ಟೇಪಿನ ಸದ್ದನ್ನು ಶುದ್ಧ ಮಾಡಿಸಿಕೊಂಡು, ಮತ್ತೆ ಬಂದವು. ಒಂದೊಂದು ಆಲ್ಬಂಗೂ ಒಂದು ಸಾಲು ಆಯ್ಕೆ. ರಟ್ಟಿನ ಕವರಿನಲ್ಲಿ ಒಂದು ಸಿಡಿ. ಎರಡು ಸಿಡಿಯ ಡೀಲಕ್ಸ್. 180 ಗ್ರಾಂ ತೂಕದ ಎಲ್‌ಪಿ, ಅಂದರೆ ದೊಡ್ಡ ರೆಕಾರ್ಡು. ಇನ್ನಷ್ಟು ಎಲ್‌ಪಿ ಸೇರಿಸಿದ ಡೀಲಕ್ಸ್. ಇವೆಲ್ಲದರ ಮೇಲೆ ಸೂಪರ್ ಡೀಲಕ್ಸ್ ಬಾಕ್ಸ್. ಅದರಲ್ಲಿ ಸಿಡಿ, ಎಲ್‌ಪಿ, ಡೌನ್‌ಲೋಡ್ ಕಾರ್ಡ್, ಗಟ್ಟಿ ರಟ್ಟಿನ ಪುಸ್ತಕ, ಕವರ್ ಚಿತ್ರದ ದೊಡ್ಡ ಪ್ರಿಂಟು. ಮೊದಲ 30,000 ಪ್ರಿಂಟುಗಳಿಗೆ ನಂಬರ್ ಕೂಡ ಹಾಕಿದ್ದರು.

ಮೂಲ ಆಲ್ಬಂನ ರೀಮಾಸ್ಟರ್ ಮಾತ್ರ ಇವೆಲ್ಲದರಲ್ಲೂ ಅದೇ. ಹಾಗಾದರೆ ನಾವು ಜಾಸ್ತಿ ದುಡ್ಡು ಕೊಡುವುದು ಯಾವುದಕ್ಕೆ? ಸ್ವಲ್ಪ ಹೆಚ್ಚುವರಿ ಹಾಡುಗಳಿಗೆ, ಬಹಳಷ್ಟು ಪ್ಯಾಕಿಂಗಿಗೆ. "ಇಷ್ಟರಲ್ಲಿ ಯಾವುದು ತಗೊಳ್ಳಲಿ?" ಅಂತ ಹಳೆ ರಾಕ್ ಕೇಳುವ ಗೆಳೆಯರು ಕೇಳಿದಾಗ ನಾನು ಮೊದಲು ಹೇಳುವ ಮಾತು ಇದು. ಸದ್ದನ್ನು ಹೋಲಿಸುವಷ್ಟೇ ಗಮನ ಕೊಟ್ಟು ಪ್ಯಾಕಿಂಗನ್ನೂ ಹೋಲಿಸಿ. ಹಾಡು ಹೇಗೂ ಫೋನಿನಲ್ಲೇ ಸಿಗುತ್ತದೆ. ಕೈಯಲ್ಲಿ ಹಿಡಿಯಲು, ನೋಡಲು, ಓದಲು, ಇಪ್ಪತ್ತು ವರ್ಷ ಇಟ್ಟುಕೊಳ್ಳಲು ಅಂತಲೇ ಅಲ್ವಾ ನಾವು ಡಿಸ್ಕ್ ಕೊಳ್ಳುವುದು?

ಪ್ಯಾಕಿಂಗ್ ಬರೀ ಹೊರಗಿನ ಅಲಂಕಾರ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅರವತ್ತು ಎಪ್ಪತ್ತರ ದಶಕದ ರಾಕ್ ಆಲ್ಬಂಗಳಲ್ಲಿ ಕವರ್ ಕೂಡ ಕೃತಿಯ ಒಂದು ಭಾಗ. ರೋಲಿಂಗ್ ಸ್ಟೋನ್ಸ್‌ನ 'ಸ್ಟಿಕಿ ಫಿಂಗರ್ಸ್' (1971) ಕವರಿನಲ್ಲಿ ನಿಜವಾದ ಜಿಪ್ ಇತ್ತು. ಆ ಯೋಚನೆ ಕಲಾವಿದ ಆಂಡಿ ವಾರ್ಹಾಲ್ ಅವರದು. 'ಲೆಡ್ ಜೆಪ್ಲಿನ್ 3' (1970) ಕವರಿನ ಒಳಗೆ ತಿರುಗುವ ಚಕ್ರ. ಅದನ್ನು ತಿರುಗಿಸಿದರೆ ಕವರಿನ ತೂತುಗಳಲ್ಲಿ ಚಿತ್ರ ಬದಲಾಗುತ್ತದೆ. ಜೆಥ್ರೋ ಟಲ್‌ನ 'ಥಿಕ್ ಆ್ಯಸ್ ಎ ಬ್ರಿಕ್' (1972) ಬಂದಿದ್ದು 12 ಪುಟಗಳ ಒಂದು ಊರಿನ ಪತ್ರಿಕೆಯ ರೂಪದಲ್ಲಿ. ದ ಹೂ ತಂಡದ 'ಲೈವ್ ಅಟ್ ಲೀಡ್ಸ್' (1970) ಬಂದಿದ್ದು ಕಂದು ಬಣ್ಣದ ಸಾದಾ ಫೋಲ್ಡರಿನಲ್ಲಿ, ಒಳಗೆ ಹಳೆ ಕಾಗದಪತ್ರಗಳ ನಕಲುಗಳ ಜೊತೆ. ಇಂಥ ಆಲ್ಬಂಗಳ ಮರುಬಿಡುಗಡೆಯಲ್ಲಿ ಕವರನ್ನು ಕುಗ್ಗಿಸಿ ಅಂಚೆ ಚೀಟಿಯಷ್ಟು ಮಾಡಿದರೆ ಏನೋ ಕಳೆದುಹೋಗುತ್ತದೆ.

ಅಳೆಯುವುದು ಹೇಗೆ

ನಾನು ನೋಡುವ ವಿಷಯಗಳಲ್ಲಿ ಮೊದಲನೆಯದು ಡಿಸ್ಕಿನ ಸುರಕ್ಷೆ. ಡಿಸ್ಕ್ ಹೊರಗೆ ತೆಗೆಯುವಾಗ, ಒಳಗೆ ಹಾಕುವಾಗ ಅದರ ಮೈಗೆ ಏನು ಉಜ್ಜುತ್ತದೆ? ಎಷ್ಟೇ ಚೆಂದದ ಪ್ಯಾಕಿಂಗ್ ಆದರೂ ಡಿಸ್ಕಿಗೆ ಗೀರು ಹಾಕಿದರೆ ಅದು ಕೆಟ್ಟ ಪ್ಯಾಕಿಂಗೇ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಎರಡನೆಯದು ಮೂಲ ಕವರಿಗೆ ನಿಷ್ಠೆ. ಚಿತ್ರ ಎಷ್ಟು ದೊಡ್ಡದಾಗಿದೆ, ಬಣ್ಣ ಸರಿ ಇದೆಯಾ, ಮೊದಲು ಇದ್ದ ಪೋಸ್ಟರು, ಒಳಕವರು ಬಂದಿವೆಯಾ. ಎಲ್‌ಪಿ ಕವರು ಸುಮಾರು 31 ಸೆಂಟಿಮೀಟರ್ ಚೌಕ, ಸಿಡಿ ಬುಕ್‌ಲೆಟ್ ಸುಮಾರು 12. ಅಂದರೆ ಚಿತ್ರದ ಜಾಗ ಆರೂವರೆ ಪಟ್ಟು ಕಮ್ಮಿ. ಬೀಟಲ್ಸ್‌ನ 'ಸಾರ್ಜೆಂಟ್ ಪೆಪರ್ಸ್' ಕವರಿನಲ್ಲಿ ಕಲಾವಿದರಾದ ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ಸಾಲಾಗಿ ನಿಲ್ಲಿಸಿದ ಮುಖಗಳನ್ನು ಸಿಡಿ ಅಳತೆಯಲ್ಲಿ ಗುರುತಿಸಲು ಹೋಗಿ ನೋಡಿ, ಗೊತ್ತಾಗುತ್ತದೆ.

ಮೂರನೆಯದು ಓದು. ಒಳಗಿನ ಪುಸ್ತಕದ ಅಕ್ಷರ ಕಣ್ಣಿಗೆ ಕಾಣುತ್ತದಾ? ಯಾವ ಟೇಪಿನಿಂದ ತೆಗೆದರು, ಯಾರು ಮಾಡಿದರು, ಯಾವಾಗ ಅಂತ ಬರೆದಿದ್ದಾರಾ? ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. 2009ರ ಬೀಟಲ್ಸ್ ಸಿಡಿಗಳಲ್ಲಿ ಅಬ್ಬೀ ರೋಡ್ ಸ್ಟುಡಿಯೋದವರು ಹಳೆಯ ಮಾಸ್ಟರ್ ಟೇಪನ್ನು ಶುದ್ಧ ಮಾಡಿದ್ದರು. 2017ರ 'ಸಾರ್ಜೆಂಟ್ ಪೆಪರ್ಸ್'ನಲ್ಲಿ ನಿರ್ಮಾಪಕ ಜೈಲ್ಸ್ ಮಾರ್ಟಿನ್ ಹಾಡುಗಳನ್ನು ಹೊಸದಾಗಿ ಮಿಕ್ಸ್ ಮಾಡಿದರು, ಅಂದರೆ ದನಿ, ವಾದ್ಯಗಳ ಬಿಡಿ ರೆಕಾರ್ಡಿಂಗುಗಳನ್ನು ಮತ್ತೆ ಜೋಡಿಸಿದರು. ಇಷ್ಟು ದೊಡ್ಡ ವ್ಯತ್ಯಾಸವನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ಹೇಳುವುದು ಪ್ಯಾಕಿಂಗಿನ ಕೆಲಸ.

ಆಮೇಲೆ ಜಾಗ, ಬೆಲೆ, ತೂಕ, ಹವೆ. ಜೊತೆಗೆ ಇನ್ನೊಂದು ಪ್ರಶ್ನೆ: ಏನಾದರೂ ಒಡೆದರೆ ಬದಲಿ ಸಿಗುತ್ತದಾ?

ಜ್ಯುವೆಲ್ ಕೇಸ್

1982ರಲ್ಲಿ ಸಿಡಿಯ ಜೊತೆಗೇ ಬಂದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇದು. ನೋಡಲು ಬಡವಾಗಿ ಕಂಡರೂ ಡಿಸ್ಕನ್ನು ಇದರಷ್ಟು ಚೆನ್ನಾಗಿ ಕಾಪಾಡುವುದು ಇನ್ನೊಂದಿಲ್ಲ. ಡಿಸ್ಕನ್ನು ನಡುವಿನ ಹಲ್ಲುಗಳು ಎತ್ತಿ ಹಿಡಿದಿರುತ್ತವೆ. ಹಾಡು ಬರೆದಿರುವ ಮೈಗೆ ಏನೂ ತಾಗುವುದಿಲ್ಲ.

ಪಾಲಿಸ್ಟೈರೀನ್ ಪ್ಲಾಸ್ಟಿಕ್ ಆದ್ದರಿಂದ ಬೇಗ ಸೀಳುತ್ತದೆ. ಕೀಲು ಮುರಿಯುತ್ತದೆ, ಹಲ್ಲುಗಳು ಉದುರುತ್ತವೆ. ಆದರೆ ಖಾಲಿ ಡಬ್ಬಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಹತ್ತು ನಿಮಿಷದಲ್ಲಿ ಬದಲಿಸಿದರೆ ಹಳೆ ಸಿಡಿ ಹೊಸದರಂತೆ ಕಾಣುತ್ತದೆ. ಉಳಿದ ಯಾವ ಪ್ಯಾಕಿಂಗಿಗೂ ಈ ಅನುಕೂಲ ಇಲ್ಲ. ಹತ್ತು ಆಲ್ಬಂ ಬೇಕು, ಬಜೆಟ್ ಚಿಕ್ಕದು ಅನ್ನುವವರಿಗೆ, ಕಾರಿನಲ್ಲಿ ಸಿಡಿ ಹಾಕುವವರಿಗೆ, ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ನಾನು ಧೈರ್ಯವಾಗಿ ಇದನ್ನೇ ಹೇಳುತ್ತೇನೆ. ಒಂದು ಮೀಟರ್ ಕಪಾಟಿನಲ್ಲಿ ತೊಂಬತ್ತಕ್ಕೂ ಹೆಚ್ಚು ಕೂರುತ್ತವೆ, ಬೆನ್ನಿನ ಮೇಲಿನ ಹೆಸರೂ ಸುಲಭವಾಗಿ ಓದಲು ಬರುತ್ತದೆ. ಕವರ್ ಚಿತ್ರದ ಸುಖ ಮಾತ್ರ ಕಮ್ಮಿ.

ಡಿಜಿಪ್ಯಾಕ್ ಮತ್ತು ರಟ್ಟಿನ ಮಡಿಕೆ

ಇವತ್ತು ಬರುವ ಬಹುತೇಕ ರೀಮಾಸ್ಟರ್ ಸಿಡಿಗಳು ಈ ರೂಪದಲ್ಲೇ ಇರುತ್ತವೆ. ಇದರಲ್ಲಿ ಎರಡು ಬಗೆ ಇದೆ. ಕೊಳ್ಳುವ ಮುಂಚೆ ಯಾವುದು ಅಂತ ತಿಳಿದುಕೊಳ್ಳಿ.

ಡಿಜಿಪ್ಯಾಕ್‌ನಲ್ಲಿ ರಟ್ಟಿನ ಒಳಗೆ ಪ್ಲಾಸ್ಟಿಕ್ ತಟ್ಟೆ ಅಂಟಿಸಿರುತ್ತಾರೆ. ಡಿಸ್ಕಿಗೆ ಒಳ್ಳೆಯದು. ತೊಂದರೆ ಅಂದರೆ ಆ ತಟ್ಟೆಯ ಹಲ್ಲು ಮುರಿದರೆ ಬದಲಿಸುವುದು ಕಷ್ಟ. ಕಿತ್ತರೆ ರಟ್ಟೂ ಹರಿದು ಬರುತ್ತದೆ.

ಇನ್ನೊಂದು ಬಗೆಯಲ್ಲಿ ಪ್ಲಾಸ್ಟಿಕ್ಕೇ ಇಲ್ಲ. ರಟ್ಟಿನ ಸೀಳಿನೊಳಗೆ ಡಿಸ್ಕನ್ನು ತಳ್ಳಿರುತ್ತಾರೆ. 2009ರ ಸೆಪ್ಟೆಂಬರ್ 9ರಂದು ಬಂದ ಬೀಟಲ್ಸ್ ಸ್ಟೀರಿಯೋ ಸಿಡಿಗಳು ಹೀಗೇ ಇದ್ದವು. ನೋಡಲು ತುಂಬಾ ಚೆಂದ. ಮಡಿಕೆ ಬಿಚ್ಚುತ್ತಾ ಹೋದರೆ ಒಳಗೆ ಫೋಟೋಗಳು, ಬುಕ್‌ಲೆಟ್, ಬರಹ. ಆದರೆ ಡಿಸ್ಕನ್ನು ಎಳೆಯುವಾಗ ಅದು ರಟ್ಟಿಗೆ ಉಜ್ಜಿಕೊಂಡೇ ಬರುತ್ತದೆ. ಸೀಳು ಬಿಗಿ ಇದ್ದಷ್ಟೂ ಕೂದಲೆಳೆಯ ಗೆರೆಗಳು ಜಾಸ್ತಿ. ಅಂಚನ್ನು ಹಿಡಿಯಲು ಜಾಗ ಇಲ್ಲದೆ ಬೆರಳು ಡಿಸ್ಕಿನ ಮೈ ಮೇಲೇ ಬೀಳುತ್ತದೆ. ಇಂಥ ಗೆರೆಗಳಿಂದ ಸಾಮಾನ್ಯವಾಗಿ ಹಾಡು ಕೆಡುವುದಿಲ್ಲ ನಿಜ, ಪ್ಲೇಯರ್ ಸರಿಪಡಿಸಿಕೊಳ್ಳುತ್ತದೆ. ಆದರೂ ಹೊಸ ಡಿಸ್ಕಿನ ಮೇಲೆ ಗೆರೆ ನೋಡಿದರೆ ಬೇಜಾರಾಗುತ್ತದೆ.

ಇದಕ್ಕೆ ಸುಲಭದ ಪರಿಹಾರ ಇದೆ. ತೆಳುವಾದ ಒಳಚೀಲಗಳು ಸಿಗುತ್ತವೆ. ಡಿಸ್ಕನ್ನು ಅದರಲ್ಲಿ ಹಾಕಿ, ಸೀಳಿನಲ್ಲಿ ಹಿಡಿಸದಿದ್ದರೆ ಮಡಿಕೆಯ ನಡುವೆ ಇಡಿ. ಖರ್ಚು ಕಮ್ಮಿ. ಲೆಡ್ ಜೆಪ್ಲಿನ್‌ನ ಎರಡು ಸಿಡಿ ಡೀಲಕ್ಸ್‌ಗಳಿಗೂ ಇದೇ ಮಾತು. ಅವುಗಳ ಬಗ್ಗೆ ನನಗೆ ಇಷ್ಟವಾದ ಒಂದು ವಿಷಯ ಇದೆ. ಜೊತೆಗೆ ಬರುವ ಎರಡನೇ ಡಿಸ್ಕಿಗೆ ಮೂಲ ಕವರಿನ ಬಣ್ಣಗಳನ್ನು ತಿರುಗಿಸಿದ ಇನ್ನೊಂದು ಕವರ್ ಮಾಡಿದ್ದಾರೆ. ಮೂಲಕ್ಕೆ ಕೈ ಹಚ್ಚದೆ ಹೊಸದಕ್ಕೂ ಒಂದು ಮುಖ ಕೊಟ್ಟ ಕೆಲಸ ಅದು.

ಜಪಾನಿನ ಪುಟ್ಟ ಎಲ್‌ಪಿ ಕವರುಗಳು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಸಿಡಿ ರೂಪದಲ್ಲಿ ಮೂಲ ಕವರಿಗೆ ಅತಿ ಹೆಚ್ಚು ಗೌರವ ಕೊಟ್ಟವರು ಜಪಾನಿನವರು. ಸುಮಾರು ಹದಿಮೂರೂವರೆ ಸೆಂಟಿಮೀಟರ್ ಚೌಕದಲ್ಲಿ ಇಡೀ ಎಲ್‌ಪಿ ಕವರನ್ನು ಹಾಗೇ ಕುಗ್ಗಿಸುತ್ತಾರೆ. ಮೂಲದಲ್ಲಿ ಗೇಟ್‌ಫೋಲ್ಡ್ (ಪುಸ್ತಕದಂತೆ ಬಿಚ್ಚುವ ಕವರು) ಇದ್ದರೆ ಇಲ್ಲೂ ಗೇಟ್‌ಫೋಲ್ಡ್. ತರಿತರಿ ಕಾಗದ ಇದ್ದರೆ ಇಲ್ಲೂ ತರಿತರಿ. ಒಳಕವರು, ಪೋಸ್ಟರು, ಲೇಬಲ್ಲಿನ ವಿನ್ಯಾಸ ಎಲ್ಲ ಬರುತ್ತವೆ. ಪಕ್ಕದಲ್ಲಿ ಓಬಿ ಅನ್ನುವ ಕಾಗದದ ಪಟ್ಟಿ. ಡಿಸ್ಕು ಮೆತ್ತನೆಯ ಪ್ಲಾಸ್ಟಿಕ್ ಚೀಲದೊಳಗೆ ಇರುವುದರಿಂದ ರಟ್ಟು ತಾಗುವುದಿಲ್ಲ. ಸುರಕ್ಷೆ, ನಿಷ್ಠೆ ಎರಡರಲ್ಲೂ ಒಳ್ಳೆಯ ಅಂಕ.

2009ರ ಬೀಟಲ್ಸ್ ಮೊನೋ (ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುವ) ಬಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದೇ ದಿನ, ಅದೇ ಕಂಪನಿಯಿಂದ ಬಂದ ಸ್ಟೀರಿಯೋ ಬಾಕ್ಸಿಗೆ ರಟ್ಟಿನ ಮಡಿಕೆ. ಮೊನೋ ಬಾಕ್ಸಿಗೆ ಮಾತ್ರ ಜಪಾನಿನಲ್ಲಿ ಮಾಡಿಸಿದ ಪುಟ್ಟ ಎಲ್‌ಪಿ ಕವರುಗಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. 1968ರ 'ವೈಟ್ ಆಲ್ಬಂ'ನಲ್ಲಿದ್ದ ಪೋಸ್ಟರ್ ಮತ್ತು ನಾಲ್ಕು ಜನರ ಫೋಟೋಗಳು ಕೂಡ ಪುಟ್ಟ ಅಳತೆಯಲ್ಲಿ ಅದರೊಳಗಿವೆ. ಆದರೆ ಓದಲು ಮಾತ್ರ ಸ್ಟೀರಿಯೋ ಸಿಡಿಗಳೇ ಅನುಕೂಲ. ಆಲ್ಬಂ ಹೇಗೆ ತಯಾರಾಯಿತು ಅನ್ನುವ ಬರಹ, ಅಪರೂಪದ ಫೋಟೋ ಆ ಮಡಿಕೆಗಳಲ್ಲಿ ಸಿಗುತ್ತವೆ.

ಮೂಲ ಕವರಿಗೆ ನಿಷ್ಠೆ ತೋರಿಸಿದರೆ ಇಂಥ ನಷ್ಟವೂ ಜೊತೆಗೆ ಬರುತ್ತದೆ. 1970ರ ಕವರಿನಲ್ಲಿ ರೀಮಾಸ್ಟರ್ ಮಾಡಿದವರ ಹೆಸರಿಗೆ ಜಾಗ ಇರಲಿಲ್ಲ, ಇಲ್ಲೂ ಇರುವುದಿಲ್ಲ. ಮಾಹಿತಿ ಇದ್ದರೂ ಬೇರೆ ಹಾಳೆಯಲ್ಲಿ, ಬಹಳ ಸಲ ಜಪಾನಿ ಭಾಷೆಯಲ್ಲಿ. ಅಕ್ಷರವಂತೂ ಸಾಸಿವೆಯಷ್ಟು. ಎಲ್‌ಪಿಯ ಹಿಂಬದಿಯಲ್ಲಿ ಆರಾಮಾಗಿ ಓದುತ್ತಿದ್ದ ಸಾಲುಗಳಿಗೆ ಇಲ್ಲಿ ಭೂತಗನ್ನಡಿ ಬೇಕು.

ಇನ್ನೊಂದು ಎಚ್ಚರಿಕೆ. ಇವುಗಳಲ್ಲಿ ಬಹಳಷ್ಟು ಸೀಮಿತ ಸಂಖ್ಯೆಯಲ್ಲಿ ಬರುತ್ತವೆ. ಮುಗಿದ ಮೇಲೆ ಸೆಕೆಂಡ್ ಹ್ಯಾಂಡ್ ಬೆಲೆ ಏರುತ್ತದೆ, ಓಬಿ ಪಟ್ಟಿ ಇಲ್ಲದಿದ್ದರೆ ಇಳಿಯುತ್ತದೆ. ಮುಂದೆ ಮಾರುವ ಯೋಚನೆ ಇದ್ದರೆ ಆ ಪಟ್ಟಿಯನ್ನು ಹರಿಯದೆ ಇಟ್ಟುಕೊಳ್ಳಿ.

ಈ ರೀತಿಯ ಕೆಲಸ ಜಪಾನಿನ ಹೊರಗೂ ಆಗಿದೆ. 1994ರಲ್ಲಿ ವರ್ಜಿನ್ ಕಂಪನಿ ರೋಲಿಂಗ್ ಸ್ಟೋನ್ಸ್ ಆಲ್ಬಂಗಳನ್ನು ರೀಮಾಸ್ಟರ್ ಮಾಡಿದಾಗ ಕೆಲವನ್ನು ಮೂಲ ಕವರಿನ ಪುಟ್ಟ ಪ್ರತಿಯಲ್ಲೂ ತಂದಿತು. 'ಸ್ಟಿಕಿ ಫಿಂಗರ್ಸ್'ಗೆ ಪುಟ್ಟ ಜಿಪ್ ಇತ್ತು, 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್'ಗೆ ಪೋಸ್ಟ್‌ಕಾರ್ಡುಗಳು. 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸ್ಟೋನ್ಸ್ ಹಾಡಿದ್ದನ್ನು ಕೇಳಿ ಅವರ ಅಭಿಮಾನಿಯಾದವರು ನಮ್ಮಲ್ಲಿ ಬಹಳ ಇದ್ದಾರೆ. ಅವರಿಗೆ ಹುಡುಕಿ ಇಟ್ಟುಕೊಳ್ಳಲು ಇವು ಒಳ್ಳೆಯ ಗುರಿ.

ಪುಸ್ತಕದ ರೂಪ

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಇದು. ಡಿವಿಡಿ ಡಬ್ಬಿಯ ಎತ್ತರದ ಗಟ್ಟಿ ರಟ್ಟಿನ ಪುಸ್ತಕ. ನಡುವೆ ಹಾಳೆಗಳು, ರಟ್ಟಿನ ಒಳಬದಿಯಲ್ಲಿ ಡಿಸ್ಕುಗಳು.

ಜೆಥ್ರೋ ಟಲ್ ಸರಣಿ ಇದರಲ್ಲಿ ಎಲ್ಲರಿಗೂ ಮಾದರಿ. 'ಥಿಕ್ ಆ್ಯಸ್ ಎ ಬ್ರಿಕ್'ನ 40ನೇ ವರ್ಷದ ಆವೃತ್ತಿ 2012ರಲ್ಲಿ ಬಂತು. ಒಂದು ಸಿಡಿ, ಒಂದು ಡಿವಿಡಿ, ನೂರು ದಾಟುವ ಪುಟಗಳ ಪುಸ್ತಕ, ಸಂಗೀತಗಾರ ಸ್ಟೀವನ್ ವಿಲ್ಸನ್ ಮಾಡಿದ ಹೊಸ ಮಿಕ್ಸ್. ಆಮೇಲೆ 'ಎ ಪ್ಯಾಶನ್ ಪ್ಲೇ', 'ವಾರ್‌ಚೈಲ್ಡ್', 'ಮಿನ್‌ಸ್ಟ್ರೆಲ್ ಇನ್ ದ ಗ್ಯಾಲರಿ', 'ಸ್ಟ್ಯಾಂಡ್ ಅಪ್', 'ಸಾಂಗ್ಸ್ ಫ್ರಮ್ ದ ವುಡ್', 'ಹೆವಿ ಹಾರ್ಸಸ್' ಒಂದರ ಹಿಂದೆ ಒಂದು ಅದೇ ಅಳತೆಯಲ್ಲಿ ಬಂದವು. ಕಪಾಟಿನಲ್ಲಿ ಒಂದು ಸಾಲಾಗಿ ನಿಲ್ಲುತ್ತವೆ. ಅಕ್ಷರ ಕಣ್ಣಿಗೆ ಹಿತ. ತಂಡದವರ ಮಾತು, ರೆಕಾರ್ಡಿಂಗ್ ವಿವರ, ಹಾಡಿನ ಸಾಲುಗಳು ಎಲ್ಲ ಸಿಗುತ್ತವೆ. ಬೆಲೆ ಮಾತ್ರ ದೊಡ್ಡ ಬಾಕ್ಸಿಗಿಂತ ಎಷ್ಟೋ ಕಮ್ಮಿ. ಅನವಶ್ಯಕ ಅನ್ನುವ ವಸ್ತು ಒಂದೂ ಇಲ್ಲ.

ಮನೆಯಲ್ಲಿ ಐದು ಸ್ಪೀಕರ್ ಇಟ್ಟುಕೊಂಡು ಸರೌಂಡ್ ಸದ್ದು ಕೇಳುವವರಿಗೆ ಈ ರೂಪ ಇನ್ನೂ ಲಾಭ. ಡಿವಿಡಿಯಲ್ಲಿ ಅದು ಇದ್ದೇ ಇರುತ್ತದೆ. ಬಾಕ್ಸ್ ಕೊಳ್ಳದೆ ಸರೌಂಡ್ ಸಿಗುವ ದಾರಿ ಇದು. ಎಲ್ಲ ತಂಡಗಳೂ ಇಷ್ಟು ಧಾರಾಳವಾಗಿಲ್ಲ. 2023ರ ಮಾರ್ಚಿನಲ್ಲಿ ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದ ಮೂನ್' 50ನೇ ವರ್ಷದ ಬಾಕ್ಸ್ ಬಂದಾಗ ಅಟ್ಮಾಸ್ ಮಿಕ್ಸ್ (ತಲೆಯ ಮೇಲಿಂದಲೂ ಸದ್ದು ಬರುವ ಸರೌಂಡ್) ಇರುವ ಬ್ಲೂ-ರೇ ಡಿಸ್ಕ್ ಬೇಕಾದವರು ಇಡೀ ಬಾಕ್ಸನ್ನೇ ಕೊಳ್ಳಬೇಕಿತ್ತು. ಬ್ಲೂ-ರೇ ಬಿಡಿಯಾಗಿ ಬಂದಿದ್ದು ಆ ವರ್ಷದ ಅಕ್ಟೋಬರಿನಲ್ಲಿ. ಕಾದವರಿಗೆ ದುಡ್ಡು ಉಳಿಯಿತು. ಹಾಗಾಗಿ ಒಂದೇ ಒಂದು ಡಿಸ್ಕಿನ ಆಸೆಗೆ ಬಾಕ್ಸ್ ಕೊಳ್ಳುವ ಮುಂಚೆ ಕೆಲವು ತಿಂಗಳು ಕಾಯಿರಿ ಅಂತ ನನ್ನ ಸಲಹೆ.

ಪುಸ್ತಕದ್ದೇ ದೊಡ್ಡ ರೂಪವೂ ಇದೆ. 2018ರ 'ವೈಟ್ ಆಲ್ಬಂ' ಸೂಪರ್ ಡೀಲಕ್ಸ್: ಆರು ಸಿಡಿ, ಒಂದು ಬ್ಲೂ-ರೇ, 164 ಪುಟಗಳ ಪುಸ್ತಕ, ಹೊರಗೆ ಸ್ಲಿಪ್‌ಕೇಸ್ ಅನ್ನುವ ಹೊದಿಕೆ. 1968ರ ಕವರಿನ ಮೇಲೆ ಒಂದೊಂದು ಪ್ರತಿಗೂ ನಂಬರ್ ಇತ್ತು, ಇಲ್ಲೂ ಹಾಕಿದ್ದಾರೆ. 2019ರ 'ಅಬ್ಬೀ ರೋಡ್' ಕೂಡ ನೂರು ಪುಟದ ಪುಸ್ತಕದ ಜೊತೆ ಬಂತು. ಓದುವವರಿಗೆ ಇವು ಹಬ್ಬ. ಕಷ್ಟ ಡಿಸ್ಕಿನದೇ. ದಪ್ಪ ರಟ್ಟಿನ ಜೇಬಿನಿಂದ ಡಿಸ್ಕ್ ತೆಗೆಯಲು ಎರಡು ಕೈ ಬೇಕು, ತಾಳ್ಮೆಯೂ ಬೇಕು. ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡು ಮತ್ತೆ ಮತ್ತೆ ತೆಗೆಯದೆ ಇರುವುದು ಒಳ್ಳೆಯದು. ಪುಸ್ತಕ ಓದುತ್ತಾ ಕಂಪ್ಯೂಟರಿನಿಂದ ಹಾಡು ಕೇಳಬಹುದು.

ಪುಸ್ತಕ ಕೈಗೆ ಬಂದಾಗ ಮೊದಲು ಬೆನ್ನು ನೋಡಿ. ದಾರದಲ್ಲಿ ಹೊಲಿದಿದ್ದರೆ ವರ್ಷಗಟ್ಟಲೆ ಬರುತ್ತದೆ. ಬರೀ ಅಂಟಾದರೆ ಪೂರ್ತಿ ಅಗಲಿಸಿ ತೆರೆಯಬೇಡಿ.

ಎಲ್‌ಪಿ

ಕವರಿನ ಚಿತ್ರವೇ ಮುಖ್ಯ ಅನ್ನುವವರಿಗೆ ಎಲ್‌ಪಿಗೆ ಸಾಟಿ ಇಲ್ಲ. ಆ ಚಿತ್ರಗಳನ್ನು ಬರೆದಿದ್ದೇ ಆ ಅಳತೆಗೆ. ಲೆಡ್ ಜೆಪ್ಲಿನ್‌ನ 'ಫಿಸಿಕಲ್ ಗ್ರಾಫಿಟಿ' (1975) ಕವರಿನಲ್ಲಿ ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಪ್ಲೇಸ್‌ನ ಅಕ್ಕಪಕ್ಕದ ಎರಡು ಕಟ್ಟಡಗಳಿವೆ. ಕಿಟಕಿಗಳನ್ನು ಕತ್ತರಿಸಿ ತೂತು ಮಾಡಿದ್ದಾರೆ. ಒಳಕವರು ಬದಲಿಸಿದರೆ ಕಿಟಕಿಯಲ್ಲಿ ಬೇರೆ ಮುಖಗಳು. ಇದನ್ನು ಪೂರ್ತಿ ಅನುಭವಿಸಲು 31 ಸೆಂಟಿಮೀಟರ್ ಬೇಕೇ ಬೇಕು.

ಆದರೆ 180 ಗ್ರಾಂ ಅನ್ನುವ ಸ್ಟಿಕರಿಗೆ ಜಾಸ್ತಿ ಬೆಲೆ ಕೊಡಬೇಡಿ. ತೂಕದ ರೆಕಾರ್ಡು ಕೈಗೆ ಗಟ್ಟಿ ಅನ್ನಿಸುತ್ತದೆ, ಸದ್ದನ್ನು ತೀರ್ಮಾನಿಸುವುದು ಮಾತ್ರ ಮಾಸ್ಟರಿಂಗ್ ಮತ್ತು ರೆಕಾರ್ಡನ್ನು ಅಚ್ಚಿನಲ್ಲಿ ಒತ್ತುವ ಕೆಲಸ. ಪ್ಯಾಕಿಂಗಿನ ದೃಷ್ಟಿಯಿಂದ ತೂಕ ಒಂದು ಅಪಾಯವೂ ಹೌದು. ಭಾರದ ರೆಕಾರ್ಡು ಕೊರಿಯರಿನಲ್ಲಿ ಜೋರಾಗಿ ಅಲುಗಾಡಿ ಒಳಕವರನ್ನೂ ಹೊರಕವರಿನ ಅಂಚನ್ನೂ ಸೀಳಿಬಿಡುತ್ತದೆ. ರೆಕಾರ್ಡನ್ನು ಕವರಿನಿಂದ ಹೊರಗೆ ತೆಗೆದು, ಕವರಿನ ಹಿಂದೆ ಇಟ್ಟು ಕಳಿಸಿ ಅಂತ ಮಾರುವವರಿಗೆ ಮೊದಲೇ ಹೇಳಬಹುದು. ಸೀಲ್ ಒಡೆಯಲು ನೀವು ಒಪ್ಪಬೇಕು ಅಷ್ಟೇ.

'ಸ್ಟಿಕಿ ಫಿಂಗರ್ಸ್' ಕಥೆ ಇಲ್ಲಿ ನೆನಪಾಗುತ್ತದೆ. 1971ರಲ್ಲಿ ಕವರುಗಳನ್ನು ಒಂದರ ಮೇಲೊಂದು ಪೇರಿಸಿ ಸಾಗಿಸುವಾಗ ಜಿಪ್ಪಿನ ಹಿಡಿಕೆ ಒತ್ತಿ ರೆಕಾರ್ಡುಗಳು ಹಾಳಾಗತೊಡಗಿದವು. ಜಿಪ್ಪನ್ನು ಅರ್ಧಕ್ಕೆ ಎಳೆದು ಕಳಿಸಿದರೆ ಹಿಡಿಕೆ ನಡುವಿನ ಲೇಬಲ್ ಮೇಲೆ ಬೀಳುತ್ತದೆ, ಹಾಡಿನ ಗೆರೆಗಳಿಗೆ ತಾಗುವುದಿಲ್ಲ ಅನ್ನುವ ಉಪಾಯ ಆಮೇಲೆ ಹೊಳೆಯಿತು. ಜಿಪ್ ಇರುವ ಯಾವುದೇ ಪ್ರತಿ ನಿಮ್ಮ ಹತ್ತಿರ ಇದ್ದರೆ ನೀವೂ ಹಾಗೇ ಇಡಿ. ಪಕ್ಕದ ಕವರಿಗೂ ಅದು ಗುರುತು ಮಾಡುತ್ತದೆ, ನಡುವೆ ಒಂದು ದಪ್ಪ ಹಾಳೆ ಇರಲಿ.

ಪ್ಲೇಯರ್ ಇಲ್ಲ, ಚಿತ್ರ ಮಾತ್ರ ದೊಡ್ಡದಾಗಿ ಬೇಕು ಅನ್ನುವವರಿಗೆ ನಾನು ಹೇಳುವ ದಾರಿ ಬೇರೆ. ಸದ್ದಿಗೆ ಅಗ್ಗದ ರೀಮಾಸ್ಟರ್ ಸಿಡಿ ಕೊಳ್ಳಿ. ಕವರಿಗೆ ಅದೇ ಆಲ್ಬಂನ ಸವೆದ ಹಳೆ ಎಲ್‌ಪಿ ಹುಡುಕಿ. ರೆಕಾರ್ಡ್ ಗೀರು ಬಿದ್ದಿದ್ದರೆ ಬೆಲೆ ಕಮ್ಮಿ, ಕವರ್ ಚೆನ್ನಾಗಿದ್ದರೆ ಸಾಕು. ಎರಡೂ ಸೇರಿ ಬಹಳ ಸಲ ಒಂದು ಹೊಸ ಎಲ್‌ಪಿಯ ಬೆಲೆಗಿಂತ ಕೆಳಗೇ ಮುಗಿಯುತ್ತದೆ.

ದೊಡ್ಡ ಬಾಕ್ಸುಗಳು

2011ರಲ್ಲಿ ಪಿಂಕ್ ಫ್ಲಾಯ್ಡ್ ಒಂದೇ ಆಲ್ಬಂ ಅನ್ನು ಮೂರು ಮಟ್ಟದಲ್ಲಿ ತಂದಿತು: ಡಿಸ್ಕವರಿ, ಎಕ್ಸ್‌ಪೀರಿಯೆನ್ಸ್, ಇಮ್ಮರ್ಶನ್. 'ಡಾರ್ಕ್ ಸೈಡ್' ಇಮ್ಮರ್ಶನ್ ಬಾಕ್ಸಿನಲ್ಲಿ ಆರು ಡಿಸ್ಕ್, ಪುಸ್ತಕಗಳು, ಹಳೆ ಟಿಕೆಟಿನ ನಕಲು, ಲೋಟದ ಕೆಳಗೆ ಇಡುವ ಕೋಸ್ಟರುಗಳು, ಒಂದು ಸ್ಕಾರ್ಫು, ಜೊತೆಗೆ ಗೋಲಿಗಳು. ಡಿಸ್ಕು, ಪುಸ್ತಕಗಳಿಗೆ ಬೆಲೆ ಇದೆ. ಸ್ಕಾರ್ಫಿಗೂ ಗೋಲಿಗೂ ನನ್ನ ಲೆಕ್ಕದಲ್ಲಿ ಇಲ್ಲ. 1973ರ ಮೂಲ ಎಲ್‌ಪಿಯಲ್ಲಿ ಎರಡು ಪೋಸ್ಟರು, ಸ್ಟಿಕರುಗಳು ಇದ್ದವು. ಅವು ಆ ಆಲ್ಬಂನವೇ. ಗೋಲಿಗಳು ಬಾಕ್ಸ್ ತುಂಬಲು ಬಂದವು.

ಬಾಕ್ಸ್ ನೋಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದೇ. ಒಳಗಿನ ವಸ್ತು ಮೂಲ ಆಲ್ಬಂನಿಂದ ಬಂದದ್ದಾ, ಬೆಲೆ ಏರಿಸಲು ಬಂದದ್ದಾ? 'ಲೈವ್ ಅಟ್ ಲೀಡ್ಸ್'ನ ಹಳೆ ಕಾಗದಗಳು ಮೊದಲನೆಯ ಗುಂಪಿಗೆ ಸೇರುತ್ತವೆ. 2017ರ 'ಸಾರ್ಜೆಂಟ್ ಪೆಪರ್ಸ್' ಬಾಕ್ಸಿನ ಕತ್ತರಿಸುವ ಹಾಳೆ ಕೂಡ ಹಾಗೇ, 1967ರಲ್ಲೂ ಅದು ಇತ್ತು.

ಇದರ ತುದಿ ನೋಡಬೇಕೆಂದರೆ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್‌ನ 'ಆಲ್ ಥಿಂಗ್ಸ್ ಮಸ್ಟ್ ಪಾಸ್'ನ 2021ರ ಆವೃತ್ತಿ ನೋಡಿ. ಎಂಟು ಎಲ್‌ಪಿ, ಐದು ಸಿಡಿ, ಒಂದು ಬ್ಲೂ-ರೇ, ಎಲ್ಲ ಒಂದು ಮರದ ಪೆಟ್ಟಿಗೆಯಲ್ಲಿ. ಬಂದಾಗ ಬೆಲೆ ಸುಮಾರು 1,000 ಡಾಲರ್ ಇತ್ತು. ಕವರಿನ ಮೇಲೆ ಹ್ಯಾರಿಸನ್ ಸುತ್ತ ಇರುವ ಕುಳ್ಳ ಗೊಂಬೆಗಳ ಪುಟ್ಟ ಪ್ರತಿಗಳು, ಅವರ ಮನೆ ಫ್ರೈಯರ್ ಪಾರ್ಕ್‌ನ ಓಕ್ ಮರದಿಂದ ಮಾಡಿದ ಪುಸ್ತಕದ ಗುರುತುಪಟ್ಟಿ, ಪರಮಹಂಸ ಯೋಗಾನಂದರ ಒಂದು ಪುಟ್ಟ ಪುಸ್ತಕ, ರುದ್ರಾಕ್ಷಿ ಮಣಿಗಳು. ಹ್ಯಾರಿಸನ್ ಬದುಕಿಗೂ ಈ ವಸ್ತುಗಳಿಗೂ ನಿಜವಾದ ನಂಟು ಇದೆ. ಆದ್ದರಿಂದ ಇವನ್ನು ಗೋಲಿಗಳ ಗುಂಪಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಆದರೂ ಕೇಳುವುದಕ್ಕೆ ಬೇಕಾದದ್ದೆಲ್ಲ ಐದು ಸಿಡಿ, ಒಂದು ಬ್ಲೂ-ರೇ ಇರುವ ಚಿಕ್ಕ ಬಾಕ್ಸಿನಲ್ಲೇ ಇದೆ. ಮಿಕ್ಕ ದುಡ್ಡಿಗೆ ಹತ್ತಾರು ಆಲ್ಬಂ ಬರುತ್ತವೆ.

ಬಾಕ್ಸಿನ ಇನ್ನೊಂದು ಸಮಸ್ಯೆ ಬಳಕೆ. ಕಪಾಟಿನಿಂದ ಇಳಿಸಿ, ಮುಚ್ಚಳ ತೆಗೆದು, ಪುಸ್ತಕ ಎತ್ತಿ, ಅಡಿಯಿಂದ ಡಿಸ್ಕ್ ಹುಡುಕುವ ಹೊತ್ತಿಗೆ ಫೋನಿನಲ್ಲಿ ಹಾಡು ಅರ್ಧ ಮುಗಿದಿರುತ್ತದೆ. ಹಾಗಾಗಿ ಎರಡು ಮೂರು ಆಲ್ಬಂಗಳಿಗೆ ಮಾತ್ರ ಬಾಕ್ಸ್ ಇರಲಿ. ಕಣ್ಣು ಮುಚ್ಚಿದರೂ ಹಾಡಿನ ಕ್ರಮ ನೆನಪಿರುವಂಥ ಆಲ್ಬಂಗಳಿಗೆ. 2002ರಲ್ಲಿ ಬೆಂಗಳೂರಿನಲ್ಲಿ ಪಿಂಕ್ ಫ್ಲಾಯ್ಡ್ ತಂಡದಲ್ಲಿದ್ದ ರೋಜರ್ ವಾಟರ್ಸ್ ಹಾಡಿದಾಗ ಆ ತಂಡದ ಹಾಡುಗಳ ಒಂದೊಂದು ಸಾಲೂ ಜೊತೆಯಲ್ಲಿ ಹಾಡುವಷ್ಟು ಬಾಯಿಗೆ ಬಂದಿದ್ದವರಿಗೆ ಫ್ಲಾಯ್ಡ್ ಬಾಕ್ಸ್ ದುಬಾರಿ ಆಗಲಾರದು.

ಒಂದು ಮಾತು ಸೇರಿಸಬೇಕು. ಮರುಬಿಡುಗಡೆಯಲ್ಲಿ ಕವರೇ ಬದಲಾಗಬಹುದು. ಪಿಂಕ್ ಫ್ಲಾಯ್ಡ್‌ನ 'ಅನಿಮಲ್ಸ್' 2022ರಲ್ಲಿ ಹೊಸ ಮಿಕ್ಸ್ ಆಗಿ ಬಂದಾಗ ಬ್ಯಾಟರ್‌ಸೀ ವಿದ್ಯುತ್ ಕೇಂದ್ರದ ಹೊಸ ಚಿತ್ರ ಹಾಕಿದರು. ಚಿತ್ರ ಚೆನ್ನಾಗಿಯೇ ಇದೆ. ಆದರೆ 1977ರ ಕವರೇ ಬೇಕು ಅನ್ನುವವರು ಕೊಳ್ಳುವ ಮುಂಚೆ ಗಮನಿಸಬೇಕು.

ಹವೆ ಮತ್ತು ಕಾಗದ

ಈ ವಿಷಯವನ್ನು ಹೊರದೇಶದ ಮಾರ್ಗದರ್ಶಿಗಳು ಹೆಚ್ಚು ಹೇಳುವುದಿಲ್ಲ, ನಮಗೆ ಮಾತ್ರ ಬಹಳ ಮುಖ್ಯ. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲದಲ್ಲಿ ರಟ್ಟು ತೇವ ಹೀರಿಕೊಳ್ಳುತ್ತದೆ. ಮೊದಲು ಬಾಗುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಡಿಜಿಪ್ಯಾಕಿನ ಅಂಟು ಬಿಡುತ್ತದೆ. ಕರಾವಳಿಯಲ್ಲಿ ಇರುವವರಿಗೆ ಜ್ಯುವೆಲ್ ಕೇಸೇ ಸುರಕ್ಷಿತ. ರಟ್ಟಿನದ್ದು ಬೇಕೇ ಬೇಕು ಅಂದರೆ ಒಂದೊಂದಕ್ಕೂ ಹೊರಗೆ ಪಾಲಿಪ್ರೊಪಿಲೀನ್ ಚೀಲ ಹಾಕಿ, ಬಾಗಿಲು ಇರುವ ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ, ಹೊರಗೋಡೆಗೆ ತಾಗಿಸಬೇಡಿ. ಬೆಂಗಳೂರು, ಮೈಸೂರಿನ ಹವೆಯಲ್ಲಿ ಅಷ್ಟು ಹೆದರಬೇಕಿಲ್ಲ. ಕಲಬುರಗಿ, ರಾಯಚೂರಿನ ಕಡೆ ತೇವ ಕಮ್ಮಿ. ಅಲ್ಲಿ ಬಿಸಿಲೇ ಶತ್ರು, ಎಲ್‌ಪಿಗಳು ಸೊಟ್ಟ ಆಗುತ್ತವೆ.

ಎಲ್‌ಪಿಗೆ ಪಿವಿಸಿ ಚೀಲ ಬೇಡ. ಅದರಲ್ಲಿರುವ ಮೆದುಕಾರಕ ನಿಧಾನಕ್ಕೆ ಹೊರಬಂದು ರೆಕಾರ್ಡಿನ ಮೇಲೆ ಮಂಜಿನಂಥ ಕಲೆ ಮಾಡುತ್ತದೆ.

ಕಾಗದವೇ ಡಿಸ್ಕನ್ನು ಕೆಡಿಸಿದ ಘಟನೆಯೂ ಇದೆ. 1988ರಿಂದ 1993ರ ನಡುವೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆಯಲ್ಲಿ ತಯಾರಾದ ಕೆಲವು ಸಿಡಿಗಳು ಕಂಚಿನ ಬಣ್ಣಕ್ಕೆ ತಿರುಗಿದವು. ಮೇಲೆ ಬಳಿದ ವಾರ್ನಿಶ್ ಬುಕ್‌ಲೆಟ್, ಕವರಿನ ಕಾಗದದಲ್ಲಿದ್ದ ಗಂಧಕವನ್ನು ತಡೆಯಲಿಲ್ಲ. ಅಂಚಿನಿಂದ ಒಳಕ್ಕೆ ಹಾಳಾಗುತ್ತಾ ಹೋದವು. ಆ ಕಾಲದ ಸೆಕೆಂಡ್ ಹ್ಯಾಂಡ್ ಸಿಡಿ ಕೊಳ್ಳುವಾಗ ಡಿಸ್ಕಿನ ಅಂಚಿನ ಬಣ್ಣದ ಫೋಟೋ ಕೇಳಿ. ಹಳೆ ದಪ್ಪ ಡಬ್ಬಿಗಳಲ್ಲಿ ಸ್ಪಂಜಿನ ಹಾಳೆ ಇದ್ದರೆ ಕೂಡಲೇ ಎಸೆಯಿರಿ. ಅದು ಪುಡಿಯಾಗಿ ಡಿಸ್ಕಿಗೆ ಅಂಟಿಕೊಳ್ಳುತ್ತದೆ.

ನಿಮ್ಮ ಸಂದರ್ಭಕ್ಕೆ ಯಾವುದು

ಈಗಷ್ಟೇ ಹಳೆ ರಾಕ್ ಕೇಳಲು ಶುರು ಮಾಡಿದ್ದೀರಿ, ಯಾವ ತಂಡ ಇಷ್ಟ ಅಂತ ಇನ್ನೂ ಗೊತ್ತಿಲ್ಲ ಅಂದರೆ ಜ್ಯುವೆಲ್ ಕೇಸಿನ ಅಥವಾ ಸಾದಾ ರಟ್ಟಿನ ಸಿಡಿ. ಲೆಡ್ ಜೆಪ್ಲಿನ್‌ನಲ್ಲಿ ಎರಡು ಸಿಡಿ ಡೀಲಕ್ಸ್ ಸಾಕು, ಸೂಪರ್ ಡೀಲಕ್ಸ್ ಬೇಡ. 'ಲೆಡ್ ಜೆಪ್ಲಿನ್ 3' ಒಂದಕ್ಕೆ ಮಾತ್ರ, ಪ್ಲೇಯರ್ ಇದ್ದರೆ, ಚಕ್ರಕ್ಕಾಗಿ ಎಲ್‌ಪಿ ತೆಗೆದುಕೊಳ್ಳಿ.

ಓದುವ ಹುಚ್ಚು ಇರುವವರಿಗೆ ಪುಸ್ತಕದ ರೂಪ. ಜೆಥ್ರೋ ಟಲ್‌ನಿಂದ ಶುರು ಮಾಡಿ. ದುಡ್ಡು ಸ್ವಲ್ಪ ಜಾಸ್ತಿ ಇದ್ದರೆ 'ವೈಟ್ ಆಲ್ಬಂ'. ಉಡುಗೊರೆಗೂ ಪುಸ್ತಕವೇ ಒಳ್ಳೆಯದು. ಪ್ಲೇಯರ್ ಇಲ್ಲದವರೂ ತೆರೆದು ನೋಡಬಹುದು.

ಕವರಿನ ಪ್ರೀತಿ ಇದೆ, ಮನೆ ಚಿಕ್ಕದು ಅನ್ನುವವರಿಗೆ ಜಪಾನಿನ ಪುಟ್ಟ ಕವರುಗಳು. ಕೆಲಸಕ್ಕಾಗಿ ದೇಶದಿಂದ ದೇಶಕ್ಕೆ ಹೋಗುವ ನಮ್ಮವರಿಗೂ ಇವೇ ಸರಿ. ಒಂದು ಎಲ್‌ಪಿ ಕವರ್ ಸೇರಿ ಸುಲಭವಾಗಿ 300 ಗ್ರಾಂ ಆಗುತ್ತದೆ, ಮೂವತ್ತು ಎಲ್‌ಪಿಗೇ ಸೂಟ್‌ಕೇಸಿನ ಮಿತಿಯ ದೊಡ್ಡ ಪಾಲು ಹೋಗುತ್ತದೆ. ಪುಟ್ಟ ಕವರಿನ ಮೂವತ್ತು ಸಿಡಿ ಕೈಚೀಲದಲ್ಲೇ ಬರುತ್ತವೆ.

ಹೊರದೇಶದಿಂದ ಬಾಕ್ಸ್ ತರಿಸುವವರು ಸಾಗಣೆ ಖರ್ಚನ್ನೂ ಕಸ್ಟಮ್ಸ್ ಸುಂಕವನ್ನೂ ಮೊದಲೇ ಕೂಡಿಸಿ ನೋಡಿ. ತೂಕದ ಬಾಕ್ಸಿಗೆ ಇವೆರಡೂ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ. ಪಾರ್ಸೆಲ್ ಬಂದಾಗ ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ. ಮೊದಲು ನಾಲ್ಕು ಮೂಲೆ, ಆಮೇಲೆ ಪುಸ್ತಕದ ಬೆನ್ನು, ಆಮೇಲೆ ಪ್ರತಿ ಡಿಸ್ಕಿನ ಹಿಂಬದಿಯನ್ನು ದೀಪದ ಬೆಳಕಿಗೆ ಹಿಡಿದು ನೋಡಿ. ಬಾಕ್ಸಿನ ಡಿಸ್ಕುಗಳನ್ನು ಎಲ್ಲರೂ ಕೂಡಲೇ ಕೇಳುವುದಿಲ್ಲ. ಹಿಂದಿರುಗಿಸುವ ಅವಧಿ ಮುಗಿಯುವ ಮುಂಚೆ ಕೊನೆಯ ಡಿಸ್ಕನ್ನೂ ಒಮ್ಮೆ ಪೂರ್ತಿ ಹಾಕಿ ಕೇಳಿ.